ಬೊಟ್ಟು ಇಟ್ಟ ಕಾರು

ಇಡೀ ಅಹಮದಾಬಾದಿನಲ್ಲಿ ಕಾರಿನ ಒಳಗೆ ಕೊಡೆ ಬಿಡಿಸಿಕೊಂಡು ಕೂರುವ ಗಂಡಸು ಒಬ್ಬನೇ. ಅವನು ನನ್ನ ತಮ್ಮ! ತಲೆ ಕೆಟ್ಟವನೆಂದು ತಿಳಿಯಬೇಡಿ. ಅವನ ಕಾರಿನ ಮಾಡಿನಲ್ಲಿ ಒಂದು ಗಾಜಿನ ಕಿಂಡಿ ಇದೆ. ಶ್ರೀಮಂತರು ಅದನ್ನು ಸರಿಸಿ ಆಕಾಶ ನೋಡುತ್ತಾರಂತೆ. ನನ್ನ ತಮ್ಮನಿಗೆ ಸರಿಸುವ ಕಷ್ಟವೂ ಇಲ್ಲ. ಮಳೆಗಾಲದಲ್ಲಿ ಆಕಾಶ ತಾನಾಗಿಯೇ ಒಳಗೆ ಬರುತ್ತದೆ.

ತಮ್ಮನದು ಮಣಿನಗರದಲ್ಲಿ ಉಡುಪಿ ಹೋಟೆಲು. ನಲವತ್ತು ವರ್ಷ ದೋಸೆಕಲ್ಲಿನ ಮುಂದೆ ಬೆವರು ಸುರಿಸಿದವನು ಅರುವತ್ತೈದಕ್ಕೆ ಒಮ್ಮೆಲೇ ದೊಡ್ಡ ಮನುಷ್ಯನಾಗಿಬಿಟ್ಟ. ದಿನಾ ಕಾಫಿಗೆ ಬರುವ ಬಟ್ಟೆ ವ್ಯಾಪಾರಿಯೊಬ್ಬ ತನ್ನ ವಿದೇಶಿ ಕಾರನ್ನು ಮಾರಲು ಹೊರಟಿದ್ದ. ಹದಿನಾರು ವರ್ಷದ ಕಾರು. ಹದಿನಾರು ವರ್ಷದ ಎಮ್ಮೆಯನ್ನು ಯಾರಾದರೂ ಕೊಳ್ಳುತ್ತಾರೆಯೇ? ಇವನು ಕೊಂಡ.

ಕಾರಣ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಅವನ ಹೆಂಡತಿಗೆ ಎರಡು ವರ್ಷದಿಂದ ಬೆನ್ನುನೋವು. ರೈಲು, ಬಸ್ಸು, ರಿಕ್ಷಾ, ಯಾವುದರಲ್ಲಿ ಹತ್ತು ನಿಮಿಷ ಕೂತರೂ ಮುಖ ಬಿಳಿಚಿಕೊಳ್ಳುತ್ತದೆ. ಮಗಳನ್ನು ಸೂರತ್ತಿಗೆ ಕೊಟ್ಟಿದೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು. ಅಮ್ಮನ ಬೆನ್ನಿನ ದೆಸೆಯಿಂದ ಅತ್ತೆಮನೆಯಲ್ಲೇ ಆಯಿತು. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಸದ್ಯಕ್ಕೆ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದರು. ಹಾಗಾಗಿ ಐದು ತಿಂಗಳಾದರೂ ಈ ಅಜ್ಜಿ ಮೊಮ್ಮಗಳನ್ನು ನೋಡಿದ್ದು ಫೋನಿನಲ್ಲಿ ಮಾತ್ರ. ಫೋನಿನೊಳಗಿನ ಮಗುವಿಗೆ ಎಣ್ಣೆ ಹಚ್ಚಲಿಕ್ಕೆ ಆಗುತ್ತದೆಯೇ?

ಒಂದು ದಿನ ಹೋಟೆಲಿನ ಎದುರು ನಿಂತಿದ್ದ ಆ ವ್ಯಾಪಾರಿಯ ಕಾರಿನ ಮುಂದಿನ ಸೀಟಿನಲ್ಲಿ ಅವಳು ಸುಮ್ಮನೆ ಕೂತಳು. ಅರ್ಧ ಗಂಟೆ ಕೂತಳು. ಆಮೇಲೆ ಗಂಡನಿಗೆ ಹೇಳಿದಳು, "ರೀ, ಇಲ್ಲಿ ಕೂತರೆ ನೋಯುವುದಿಲ್ಲ."

ಅಷ್ಟೇ. ಒಂದು ಸೀಟಿಗಾಗಿ ಇಡೀ ಕಾರು ಬಂತು! ಸೂರತ್ತಿಗೆ ಇನ್ನೇನು ಹೊರಟೇಬಿಡುವುದು ಎಂದು ಎಲ್ಲರೂ ಅಂದುಕೊಂಡೆವು. ಕಾರಿನ ಮನಸ್ಸಿನಲ್ಲಿ ಬೇರೆ ಇತ್ತು.

ಹೋಟೆಲಿನಲ್ಲಿ ಹಿಟ್ಟು ರಾತ್ರಿ ಉಬ್ಬುತ್ತದೆ. ಈ ಕಾರು ರಾತ್ರಿ ಇಳಿಯುತ್ತದೆ. ಚಕ್ರದ ಮೇಲೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳಿವೆಯಂತೆ. ಬೆಳಿಗ್ಗೆ ನೋಡಿದರೆ ಹಿಂಭಾಗ ನೆಲಕ್ಕೆ ತಾಗಿ, ನಾಯಿ ಕೂತ ಹಾಗೆ ಕೂತಿರುತ್ತದೆ. ಎಂಜಿನ್ ಶುರು ಮಾಡಿ ಕಾದರೆ ನನ್ನ ಹಾಗೆ ಸೊಂಟ ಹಿಡಿದುಕೊಂಡು ಮೆಲ್ಲಗೆ ಏಳುತ್ತದೆ. ಏಳಲಿಕ್ಕೆ ಮನಸ್ಸಿಲ್ಲದ ದಿನ ಏಳುವುದಿಲ್ಲ.

ಹೋಟೆಲಿನವರದ್ದು ಒಂದು ಪದ್ಧತಿ ಉಂಟು. ಗಲ್ಲಾಪೆಟ್ಟಿಗೆಯ ಪಕ್ಕ ದೂರು ಪುಸ್ತಕವನ್ನು ದಾರ ಕಟ್ಟಿ ನೇತುಹಾಕುತ್ತಾರೆ. ತಮ್ಮ ಕಾರಿನಲ್ಲೂ ಒಂದು ನೇತುಹಾಕಿದ! ಹತ್ತಿದವರು ಇಳಿಯುವ ಮೊದಲು ದೂರು ಬರೆಯಬೇಕು. ರೋಗ ಗೊತ್ತಾದರೆ ತಾನೇ ಮದ್ದು ಎಂದು ಅವನ ವಾದ. ಒಂದು ತಿಂಗಳಲ್ಲಿ ಪುಸ್ತಕ ಮುಗಿದು ಎರಡನೆಯದು ಬಂತು.

ಅದರಲ್ಲಿ ನನ್ನ ದೂರೂ ಇದೆ. ಸ್ಟೇಷನ್ನಿನ ಎದುರು ತರಕಾರಿ ಕೊಳ್ಳಲು ನಿಲ್ಲಿಸಿದ್ದೆವು. ತಮ್ಮ ಕೆಳಗಿಳಿದ. ಕಾರು ಟಪ್ಪೆಂದು ನಾಲ್ಕೂ ಬಾಗಿಲಿಗೆ ಬೀಗ ಹಾಕಿಕೊಂಡಿತು. ಒಳಗೆ ನಾನು. ಬಾಗಿಲು ತೆರೆಯದು, ನನ್ನ ಕಡೆಯ ಕಿಟಕಿ ಮೊದಲಿಂದಲೂ ಮುಚ್ಚದು. ಎಪ್ಪತ್ತೊಂದರಲ್ಲಿ ಕಿಟಕಿ ಹಾರುವುದಕ್ಕೆ ನಾನೇನು ಬೆಕ್ಕೇ? ಜನ ಸೇರಿದರು. ಯಾರೋ ಪುಣ್ಯಾತ್ಮ ಕಿಟಕಿಯಿಂದ ಚಹಾ ಕೊಟ್ಟ. ತರಕಾರಿಯವಳು ತೊಗರಿಕಾಯಿ ಕೊಟ್ಟಳು. ಬೀಗ ತಾನಾಗಿ ಬಿಡುವ ಹೊತ್ತಿಗೆ ಅರ್ಧ ಕಿಲೋ ಸುಲಿದು ಮುಗಿಸಿದ್ದೆ. ನಾಲ್ಕನೇ ಕ್ಲಾಸಿನವಳ ದಪ್ಪ ಅಕ್ಷರದಲ್ಲಿ ಬರೆದೆ: "ಇದು ಕಾರಲ್ಲ, ಇಲಿಬೋನು." ಅದರ ಕೆಳಗೆ ತಮ್ಮನ ಉತ್ತರ: "ಗ್ರಾಹಕರಿಗೆ ಆದ ತೊಂದರೆಗೆ ವಿಷಾದ. ಒಂದು ಕಾಫಿ ಉಚಿತ."

ಇಂಥ ಹಳೆ ಕಾರು ಇಟ್ಟುಕೊಂಡವರು ಅಹಮದಾಬಾದು, ವಡೋದರ, ಸೂರತ್ತು ಮೂರೂ ಕಡೆ ಇದ್ದಾರೆ. ಫೋನಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದಾರೆ. ಆಸ್ಪತ್ರೆಯ ಹೊರಗೆ ರೋಗಿಗಳ ಕಡೆಯವರು ಮಾತಾಡಿಕೊಳ್ಳುವ ಹಾಗೆಯೇ. ನಿಮ್ಮದಕ್ಕೆ ಎಷ್ಟು ದಿನದಿಂದ, ನಮ್ಮದಕ್ಕೂ ಹಾಗೇ ಶುರುವಾಗಿತ್ತು, ಧೈರ್ಯ ತಂದುಕೊಳ್ಳಿ! ಸ್ಟೇರಿಂಗಿನ ಹಿಂದೆ ಕೆಂಪು, ಹಳದಿ ದೀಪಗಳು ಉರಿಯುತ್ತಿವೆ, ಏನು ಮಾಡಲಿ ಎಂದು ತಮ್ಮ ಕೇಳಿದ. ಅದು ಎಲ್ಲರಿಗೂ ಇರುವುದೇ, ಕಪ್ಪು ಟೇಪು ಅಂಟಿಸಿ ಎಂದು ಗುಂಪಿನ ಹಿರಿಯರು ಅಪ್ಪಣೆ ಕೊಟ್ಟರು. ತಮ್ಮನ ಕೈಗೆ ಟೇಪು ಸಿಗಲಿಲ್ಲ. ಕನ್ನಡಿಯ ಮೇಲೆ ಹೆಂಡತಿ ಅಂಟಿಸಿಟ್ಟಿದ್ದ ಬೊಟ್ಟು ಸಿಕ್ಕಿತು. ಐದು ದೀಪಕ್ಕೆ ಐದು ಬೊಟ್ಟು. ಕಾರು ಅರಸಿನ ಕುಂಕುಮಕ್ಕೆ ಹೊರಟ ಮುತ್ತೈದೆಯ ಹಾಗೆ ಲಕ್ಷಣವಾಗಿ ಕಂಡಿತು.

ಹೆಂಡತಿಯನ್ನು ಕೂರಿಸುವ ಮೊದಲು ಒಮ್ಮೆ ದೂರ ಓಡಿಸಿ ನೋಡಬೇಕಲ್ಲ? ಸಾಂಬಾರಿನ ಉಪ್ಪು ನೋಡಲು ಒಬ್ಬರು ಬೇಕಲ್ಲ? ನನ್ನನ್ನು ಕರೆದ. ವಡೋದರಕ್ಕೆ ಹೋಗಿ, ಮಕರಪುರದ ಒಂದು ವರ್ಕ್‌ಶಾಪಿನಲ್ಲಿ ತೋರಿಸಿ ಬರುವುದು ಎಂದು ಲೆಕ್ಕ. ನಡುವೆ ಎರಡು ಸಲ ನಿಂತಿತು. ಎರಡು ಸಲವೂ ತಮ್ಮ ಬಾನೆಟ್ಟು ಎತ್ತಿ ಒಳಗೆ ನೋಡಿದ. ನೋಡುವುದು ಬಿಟ್ಟು ಅವನಿಗೆ ಬೇರೇನೂ ಬರುವುದಿಲ್ಲ.

ಮೆಕ್ಯಾನಿಕ್ ನನ್ನ ವಯಸ್ಸಿನ ಗುಜರಾತಿ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಒಳಗೆ ಕೂತು, ನಗುತ್ತಾ ಉಗುರಿನಿಂದ ಒಂದೊಂದೇ ಬೊಟ್ಟು ಕಿತ್ತ. ಕೊನೆಯದನ್ನು ಕಿತ್ತವನು ನಗುವುದನ್ನು ನಿಲ್ಲಿಸಿದ. ನಮ್ಮನ್ನು ಕೂರಿಸಿ ಹಿಂದಿಯಲ್ಲಿ ಬಿಡಿಸಿ ಹೇಳಿದ. ಡಿಕ್ಕಿಯಾದಾಗ ಎದೆಗೆ ಪೆಟ್ಟಾಗದಂತೆ ಸೀಟಿನ ಎದುರು ಒಂದು ಗಾಳಿಚೀಲ ಮಡಚಿಟ್ಟಿರುತ್ತದೆ. ಇದರಲ್ಲಿ ಡ್ರೈವರನ ಪಕ್ಕದ ಸೀಟಿನದು ಕೆಟ್ಟಿದೆ. ಬೇಕಾದಾಗ ತೆರೆಯದಿರಬಹುದು. ತೆರೆದರೆ ಕಬ್ಬಿಣದ ಚೂರು ಹಾರಿಸಲೂಬಹುದು. ಹೊಸದು ವಿದೇಶದಿಂದ ಬರಬೇಕು, ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಅಲ್ಲಿವರೆಗೆ ಆ ಸೀಟಿನಲ್ಲಿ ಯಾರೂ ಕೂರಬಾರದು.

ಆ ಸೀಟು ಎಂದರೆ ಅದೇ ಸೀಟು.

ನಾನು ಅಷ್ಟು ಹೊತ್ತೂ ಅದರಲ್ಲೇ ಕೂತು ಬಂದಿದ್ದೆ ಎನ್ನುವುದು ಯಾರಿಗೂ ನೆನಪಾಗಲಿಲ್ಲ!

"ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂದರೆ ಮೂಗಿಗೆ ಹತ್ತಿ ಇಡ್ತೀಯಾ ಮಾರಾಯ?" ಎಂದೆ.

ತಮ್ಮ ಎರಡು ಗ್ಲಾಸು ಚಹಾ ಕುಡಿದ. ಮಗುವಿನ ಫೋಟೋ ಇದ್ದ ಫೋನನ್ನು ಒಮ್ಮೆ ತೆಗೆದು ನೋಡಿ ಕಿಸೆಗೆ ಹಾಕಿದ. ಕಾರು ತಂದ ದಿನದಿಂದ ಅದರ ಮೇಲೆ ಒಂದು ಗೀರು ಬಿದ್ದರೂ ಊಟ ಬಿಡುತ್ತಿದ್ದವನು ಎದ್ದು ನಿಂತು ಮೆಕ್ಯಾನಿಕ್‌ಗೆ ಹೇಳಿದ, ಸೀಟು ಬಿಚ್ಚಿ.

"ಎಂತಕ್ಕೆ?" ಎಂದೆ.

"ಹೋಟೆಲಿನ ಹಿಟ್ಟಿನ ವ್ಯಾನಿಗೆ ಕೂರಿಸುವ, ಅಕ್ಕ. ಅವಳಿಗೆ ಬೇಕಾದ್ದು ಸೀಟು. ಕಾರು ಬೇಕಿದ್ದದ್ದು ನನಗೆ."

ಅರುವತ್ತೈದು ವರ್ಷದಲ್ಲಿ ಅವನು ಆಡಿದ ಮೊದಲ ಬುದ್ಧಿಯ ಮಾತು. ಬೋಲ್ಟು ಬಿಚ್ಚುವಾಗ ಮಾತ್ರ ಅವನು ಆ ಕಡೆ ನೋಡಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತಾ ನಿಂತ. ಅವನಿಗೆ ಗುಜರಾತಿ ಓದಲಿಕ್ಕೆ ಬರುವುದಿಲ್ಲ.

ಕಾರನ್ನು ಅಲ್ಲೇ ಬಿಟ್ಟು ರೈಲಿನಲ್ಲಿ ಬಂದೆವು. ಮರುವಾರ ತಮ್ಮ ಹಿಟ್ಟಿನ ವ್ಯಾನನ್ನು ಒಯ್ದ. ದೋಸೆಹಿಟ್ಟಿನ ಪ್ಯಾಕೆಟ್ಟುಗಳನ್ನು ಮನೆಮನೆಗೆ ಮುಟ್ಟಿಸುವ ವ್ಯಾನು, ಮೈಮೇಲೆ ಇಡ್ಲಿಯ ಚಿತ್ರ, ಒಳಗೆಲ್ಲ ಹುಳಿ ವಾಸನೆ. ಆ ಮೆಕ್ಯಾನಿಕ್ ಅದರ ನೆಲಕ್ಕೆ ಹೊಸ ಕಬ್ಬಿಣದ ಪಟ್ಟಿ ಕೂರಿಸಿ, ಸೀಟು ಬಿಗಿದು, ಗಟ್ಟಿ ಬೆಲ್ಟು ಹಾಕಿದ. ತಾನೇ ಅದರಲ್ಲಿ ಕೂತು ತಮ್ಮನ ಹತ್ತಿರ ನಾಲ್ಕು ಸಲ ಗಕ್ಕನೆ ಬ್ರೇಕು ಹಾಕಿಸಿದ. ಸಾರಿಗೆ ಕಚೇರಿಗೂ ತೋರಿಸಿ ಒಪ್ಪಿಗೆ ಪಡೆದಾಯಿತು. ಬೆಣ್ಣೆ ಬಣ್ಣದ ಚರ್ಮದ ಸೀಟು ಆ ವ್ಯಾನಿನಲ್ಲಿ ಹೇಗೆ ಕಾಣುತ್ತದೆ ಗೊತ್ತೇ? ಮದುಮಗ ದಾರಿ ತಪ್ಪಿ ಸೌದೆ ಕೊಟ್ಟಿಗೆಗೆ ಬಂದು ಕೂತ ಹಾಗೆ!

ಒಂದು ಭಾನುವಾರ ಬೆಳಗಿನ ತಿಂಡಿಯ ಗಲಾಟೆ ಮುಗಿಸಿ ಹೊರಟೆವು. ಮುಂದೆ ಗಂಡ ಹೆಂಡತಿ, ಹಿಂದಿನ ಸೀಟಿನಲ್ಲಿ ನಾನು. ತಮ್ಮ ಗಂಟೆಗೊಮ್ಮೆ ನಿಲ್ಲಿಸಿ ನೋವುಂಟಾ ಎಂದು ಕೇಳುವುದು, ಅವಳು ಇಲ್ಲ ಎನ್ನುವುದು. ಸುಳ್ಳು ಹೇಳುತ್ತಿದ್ದಾಳೋ ಎಂದು ನಾನು ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತಿದ್ದೆ. ವಡೋದರ ದಾಟಿತು. ಭರೂಚ್ ದಾಟಿತು. ಮುಖ ಬಿಳಿಚಲಿಲ್ಲ.

ಸೂರತ್ತಿನಲ್ಲಿ ಮಗಳ ಮನೆಯ ಬೀದಿ ಅಗಲ ಕಡಿಮೆ. ವ್ಯಾನು ನಿಂತಿದ್ದೇ ಮಗಳು ಮಗುವನ್ನು ಎತ್ತಿಕೊಂಡು ಓಡಿ ಬಂದಳು. ಒಳಗೆ ಬಾ ಅಮ್ಮ ಎಂದಳು. ಇವಳು ಇಳಿಯಲಿಲ್ಲ.

"ಇಲ್ಲೇ ಕೊಡು," ಎಂದಳು.

ಬೆಲ್ಟು ಬಿಚ್ಚಿ, ಸೀಟನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡಳು. ಮಗು ಒಮ್ಮೆ ಮುಖ ಕಿವುಚಿತು, ಮೂಸಿ ನೋಡಿತು, ನಿದ್ದೆ ಹೋಯಿತು. ಇವಳೂ ಕಣ್ಣು ಮುಚ್ಚಿದಳು.

ಹಿಂದೆ ಒಂದು ಟೆಂಪೋ ಬಂತು, ಅದರ ಹಿಂದೆ ರಿಕ್ಷಾ, ಅದರ ಹಿಂದೆ ಸ್ಕೂಟರುಗಳು. ತಮ್ಮ ವ್ಯಾನನ್ನು ಅಲುಗಿಸಲಿಲ್ಲ. ಇಳಿದು ಹೋಗಿ ಬೀದಿಯ ನಡುವೆ ನಿಂತು, ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟ. ಹಾರ್ನು ಹಾಕಬೇಡಿ ಎಂದು.

ಆಗ ಎದುರಿನಿಂದಲೂ ಒಂದು ಲಾರಿ ಬಂತು. ಅವನಿಗೆ ಇರುವುದು ಎರಡೇ ಕೈ. ನಾನು ಇಳಿದು ಆ ಕಡೆಗೆ ಅಡ್ಡ ನಿಂತೆ.