ಮಗಳ ಪ್ರಯೋಗಕ್ಕೆ ನಾನು ತಯಾರಾದದ್ದು

ಮನೆಯಲ್ಲಿ ಡಾಕ್ಟರಿದ್ದರೆ ಕೆಮ್ಮುವುದಕ್ಕೆ ಹೆದರಿಕೆ, ವಕೀಲರಿದ್ದರೆ ಮಾತಾಡುವುದಕ್ಕೆ ಹೆದರಿಕೆ. ಮನಶ್ಶಾಸ್ತ್ರ ಓದುವ ಮಗಳಿದ್ದರೆ ಸುಮ್ಮನೆ ಕೂರುವುದಕ್ಕೂ ಹೆದರಿಕೆ. ತಾರ್ನಾಕದ ನಮ್ಮ ಮನೆಯಿಂದ ಯೂನಿವರ್ಸಿಟಿಗೆ ನಡೆದೇ ಹೋಗುವ ಶ್ರುತಿ ಎಂ.ಎ.ಗೆ ಈ ವಿಷಯ ಹಿಡಿದಾಗಿನಿಂದ ನನ್ನ ಸ್ಥಿತಿ ಹೀಗಾಗಿದೆ. ಪೇಪರನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟರೂ ಒಮ್ಮೆ ತಲೆಯೆತ್ತಿ ನೋಡುತ್ತಾಳೆ. ಏನೆಂದು ಕೇಳಿದರೆ "ಏನಿಲ್ಲ ಬಿಡ್ರಿ ಅಪ್ಪಾ" ಎನ್ನುತ್ತಾಳೆ. ರಾಯಚೂರಿನ ನಮ್ಮಕ್ಕನದು ಫೋನಿನಲ್ಲಿ ಒಂದೇ ಚಿಂತೆ: "ಇದನ್ನ ಓದಿ ಹುಡುಗಿ ಏನಾಗ್ತಾಳೋ ತಮ್ಮಾ?" ಶಾಲೆಯಲ್ಲಿ ಮಕ್ಕಳಿಗೆ ಸಲಹೆ ಹೇಳಬಹುದು, ಕಂಪನಿಗೆ ಜನರನ್ನು ಆರಿಸಬಹುದು ಎಂದು ಮಗಳಿಂದ ಕೇಳಿದ್ದನ್ನೇ ಒಪ್ಪಿಸುತ್ತಿದ್ದೆ. ಮಗಳಿಗೆ ಬೇಕಾಗಿದ್ದು ಮಾತ್ರ ಆಸ್ಪತ್ರೆಯಲ್ಲಿ, ಮನಸ್ಸು ನೊಂದವರ ಜೊತೆ ಕೆಲಸ. ಅದಕ್ಕೆ ಇನ್ನೊಂದು ಕೋರ್ಸು ಮಾಡಬೇಕು, ಆ ಸೀಟಿಗೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬೇಕು.

ಆ ಪರೀಕ್ಷೆಗೆ ವಿದ್ಯಾರ್ಥಿಗಳು ಪ್ರಯೋಗಕ್ಕೊಬ್ಬ ಮನುಷ್ಯನನ್ನು ತಾವೇ ಕರೆತರಬೇಕಂತೆ. ಬರುತ್ತೇನೆಂದಿದ್ದ ಗೆಳತಿ ಊರಿಗೆ ಹೋದ್ದರಿಂದ ಪಾಳಿ ನನಗೆ ಬಂತು. "ಕೈ ಕಾಣದಂಗ ಮರೆ ಇಟ್ಟಿರ್ತಾರ. ಕನ್ನಡಿ ನೋಡಿಕೋತ ನಕ್ಷತ್ರದ ಗೆರಿ ಮ್ಯಾಲ ಪೆನ್ಸಿಲ್ ಓಡಿಸಬೇಕು, ಅಷ್ಟ. ತಯಾರಿ ಏನೂ ಬ್ಯಾಡ್ರಿ" ಎಂದಳು ಶ್ರುತಿ. ತಯಾರಿ ಬೇಡ ಎಂಬ ಮಾತನ್ನು ನಾನೆಂದೂ ನಂಬಿದವನಲ್ಲ. ಕ್ಲಾಸಿಗೇ ಮೊದಲನೆಯವರಾಗಿ ಪಾಸಾಗುವ ಹುಡುಗರೆಲ್ಲ ಪರೀಕ್ಷೆಯ ಹಿಂದಿನ ದಿನ ಹೇಳುತ್ತಿದ್ದುದು ಅದನ್ನೇ. ಮೇಲಾಗಿ ನಾನು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವವನು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಮಾಲು ವಾಪಸ್. ಅಂಥವನು ಮಗಳ ಪರೀಕ್ಷೆಯಲ್ಲಿ ಅಡ್ಡಾದಿಡ್ಡಿ ಗೆರೆ ಎಳೆಯಲು ಸಾಧ್ಯವೇ?

ಸುಲ್ತಾನ್ ಬಜಾರಿನಲ್ಲಿ ಬಳೆ ಕೊಳ್ಳುವ ಹೆಂಗಸರ ನಡುವೆ ನುಗ್ಗಿ ಒಂದು ಕನ್ನಡಿ ತಂದೆ. ರಜೆ ಹಾಕಿ, ಮಗಳು ಕ್ಲಾಸಿಗೆ ಹೋದಾಗ ಅಭ್ಯಾಸಕ್ಕೆ ಕುಳಿತೆ. ಕನ್ನಡಿ ನೋಡುತ್ತ ಮೇಲಕ್ಕೆ ಎಳೆದೆನೆಂದುಕೊಂಡರೆ ಪೆನ್ಸಿಲ್ ಕೆಳಕ್ಕೆ ಹೋಗುತ್ತಿತ್ತು. ಹಟ ಹತ್ತಿತು, ಕೈ ಪಳಗುವ ತನಕ ಬಿಡಲಿಲ್ಲ. "ರಿಟೈರ್ ಆಗೋ ವಯಸ್ಸಿನ್ಯಾಗ ಕನ್ನಡಿ ಮುಂದ ಏನು ನಡಿಸೀರಿ?" ಎಂದಳು ಹೆಂಡತಿ. ಮಗಳ ಓದಿಗಾಗಿ ಎಂದೆ, ನಂಬಲಿಲ್ಲ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕಿಯ ಎದುರಿಗೆ ಒಂದು ಕಡೆಯೂ ಗೆರೆ ದಾಟದೆ ನಕ್ಷತ್ರ ಮುಗಿಸಿ, ಶಹಬ್ಬಾಸ್‌ಗಿರಿಗಾಗಿ ತಲೆಯೆತ್ತಿದೆ. ಮಗಳ ಮುಖ ಬಿಳಿಚಿತ್ತು. ಅವಳು ಮೆಲ್ಲಗೆ ಹೇಳಿದಳು: ಮೊದಲು ಎಡವುವ ಕೈ ಮಾಡುತ್ತ ಮಾಡುತ್ತ ಹೇಗೆ ಕಲಿಯುತ್ತದೆ ಎಂದು ತೋರಿಸುವುದೇ ಪ್ರಯೋಗವಂತೆ! ನಾನು ತಪ್ಪೇ ಮಾಡದಿದ್ದರೆ ಅವಳು ತೋರಿಸುವುದೇನನ್ನು? ಗಾಬರಿಯಲ್ಲಿ ಎರಡನೇ ನಕ್ಷತ್ರವನ್ನು ಬೇಕೆಂದೇ ಕೆಡಿಸಿದೆ, ಮೂರನೆಯದನ್ನು ಇನ್ನಷ್ಟು ಕೆಡಿಸಿದೆ. ಜಗತ್ತಿನಲ್ಲಿ ಮಾಡುತ್ತ ಮಾಡುತ್ತ ಮರೆತವನು ಬಹುಶಃ ನಾನೊಬ್ಬನೇ.

ಮನೆಯಲ್ಲಿ ಅಭ್ಯಾಸ ಮಾಡಿದ್ದಿರಾ ಎಂದು ಪರೀಕ್ಷಕಿ ತೆಲುಗಿನಲ್ಲಿ ಕೇಳಿದರು. ಮಗಳು ನನ್ನತ್ತ ತಿರುಗಿ, "ಅಪ್ಪಾ, ಖರೇ ಹೇಳ್ರಿ" ಎಂದಳು. "ಮಾಡಿದ್ನವ್ವಾ. ನಿನ್ನ ಮಾರ್ಕ್ಸ್ ಹೋದಾವಂತ ಹೆದರಿಕಿ ಆತು" ಎಂದೆ. ಅವಳು ಸಿಟ್ಟಾಗಲಿಲ್ಲ. ನಡೆದದ್ದನ್ನೆಲ್ಲ ಹಾಗೆಯೇ ವರದಿಯಲ್ಲಿ ಬರೆದು, ಪರೀಕ್ಷಕಿಗೆ ತೆಲುಗಿನಲ್ಲಿ ವಿವರಿಸಿದಳು: ಇವರಿಗೆ ತಪ್ಪಿನ ಭಯ ತಮ್ಮ ಸಲುವಾಗಿ ಅಲ್ಲ, ತಾವು ತಪ್ಪಿದರೆ ಬೇರೆ ಯಾರಿಗೋ ಪೆಟ್ಟು ಬೀಳುತ್ತದೆಂದು; ಇವರ ಕೆಲಸವೇ ಹಾಗೆ, ಅದನ್ನು ಮನೆಗೂ ತಂದುಕೊಂಡಿದ್ದಾರೆ. ನಾನು ಯಾರಿಗೂ ಹೇಳದಿದ್ದ, ನನಗೇ ಗೊತ್ತಿಲ್ಲದಿದ್ದ ಮಾತು ಅದು. ಕಣ್ಣು ತುಂಬಿ ಬಂತು. ಪ್ರಯೋಗ ಕೆಟ್ಟಿದೆ, ಆದರೆ ಹುಡುಗಿ ಮನುಷ್ಯನನ್ನು ಸರಿಯಾಗಿ ನೋಡಿದ್ದಾಳೆ ಎಂದರು ಪರೀಕ್ಷಕಿ. ಅಂಕ ಚೆನ್ನಾಗಿಯೇ ಬಂತು. ಸೀಟೂ ಸಿಕ್ಕಿತು.

ಕೋರ್ಸಿಗೆ ಸೇರುವ ಮೊದಲೇ ಅವಳಿಗೆ ಮನೆಯಲ್ಲಿ ಪುಕ್ಕಟೆ ರೋಗಿಯೊಬ್ಬ ಸಿಕ್ಕಿದ್ದಾನೆ. "ದಿನಕ್ಕೊಂದು ಸಣ್ಣ ತಪ್ಪು ಮಾಡ್ರಿ ಅಪ್ಪಾ. ಏನೂ ಆಗಂಗಿಲ್ಲಂತ ನಿಮಗಽ ತಿಳೀತೈತಿ" ಎಂದು ಮದ್ದು ಹೇಳಿದ್ದಾಳೆ. ನಿನ್ನೆ ಸಾರಿಗೆ ಬೇಕೆಂದೇ ಒಂದು ಚಮಚ ಉಪ್ಪು ಹೆಚ್ಚು ಹಾಕಿದೆ. ಹೆಂಡತಿ ಮುಖ ಹಿಂಡಿದಳು, ಮಗಳು ಭಾಳ ಛಲೋ ಆತು ಎಂದು ಬೆನ್ನು ತಟ್ಟಿದಳು. ಆ ಚಮಚದ ಉಪ್ಪನ್ನು ಚಾಕುವಿನಿಂದ ಸಮ ಮಾಡಿ, ಅಳತೆ ಇನ್ನೊಮ್ಮೆ ನೋಡಿಯೇ ಹಾಕಿದ್ದೆ ಎಂಬುದನ್ನು ಮಾತ್ರ ನಾನು ಅವಳಿಗೆ ಹೇಳಿಲ್ಲ.