ಅಡ್ಡಹೆಸರಿಲ್ಲದ ಮಾಸ್ತರ

…ಇಲ್ಲ, ಕೇಳಿದ್ದು ಕಿಟಕಿ ಪಕ್ಕದ ಹುಡುಗಿಯೇ ಇರಬೇಕು. ನೆನಪು ಆಗಾಗ ಅವಳನ್ನು ಮೊದಲ ಬೆಂಚಿಗೆ ತಂದು ಕೂರಿಸುತ್ತದೆ. ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಪ್ರಶ್ನೆ ಮಾತ್ರ ಖಚಿತ: "ಸರ್, ನಿಮ್ಮ ಅಡ್ಡಹೆಸರು ಏನ್ರಿ?"

ಖಾನಾಪುರದ ಶಾಲೆಗೆ ವರ್ಗವಾಗಿ ಬಂದ ಹೊಸತು. ಬೆಳಗಾವಿಯ ಮಹಾಂತೇಶ ನಗರದಲ್ಲಿ ಒಂಟಿ ಕೋಣೆ, ದಿನಾ ಬಸ್ಸು, ಖಾನಾವಳಿ ಊಟ. ಮಾತಿಗೆ ಸಿಗುತ್ತಿದ್ದವರು ಮಕ್ಕಳೇ. ಅಂದು ಇತಿಹಾಸದ ತರಗತಿಯಲ್ಲಿ ಬೆಳಗಾವಿ ಕೋಟೆ ಯಾರದ್ದು ಎಂದು ಜಗಳ ಹತ್ತಿತ್ತು. ಎರಡೂ ಕಡೆಯವರ ಪುರಾವೆ ಮೊಬೈಲಿಗೆ ಬಂದ ಸುದ್ದಿ! ಒಳಗೆ ಬಸದಿಯೂ ಇದೆ, ಮಸೀದಿಯೂ ಇದೆ, ಗೋಡೆಯ ಜಾತಿ ಕೇಳಬೇಡಿ ಎಂದೆ. ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು ಎಂದು ವಿಚಾರಿಸದೆ ಏನನ್ನೂ ನಂಬಬೇಡಿ ಎಂದೂ ಉಪದೇಶಿಸಿದೆ. ಆಗಲೇ ಆ ಪ್ರಶ್ನೆ ಬಂತು. ಈ ಕಡೆ ಅಡ್ಡಹೆಸರೆಂದರೆ ಮನೆತನದ ಹೆಸರು, ಅದು ಸಿಕ್ಕರೆ ಜಾತಿಯೂ ಸಿಕ್ಕಂತೆ.

ಎಂಥ ಸದವಕಾಶ! ನನ್ನ ಹೆಸರನ್ನೇ ಬೋಧನೋಪಕರಣವಾಗಿ ಸಮರ್ಪಿಸಲು ತೀರ್ಮಾನಿಸಿದೆ. "ರಾಜು ಅಂದ್ರ ಸಾಕು. ಉಳಿದದ್ದು ಹೇಳೂದಿಲ್ಲ," ಎಂದೆ. ಬಾಯಿ ಬಿಡಬೇಡಿ ಎಂದು ಹೆಡ್‌ಮಾಸ್ತರರಿಗೂ ಕೈಮುಗಿದೆ.

ರಾಜು ಎಂಬ ಹೆಸರು ಯಾವ ಓಣಿಯಲ್ಲಿಲ್ಲ? ಊರು ಸಂಶೋಧನೆಗಿಳಿಯಿತು. ಚಹಾದಂಗಡಿಯವನು ಮರಾಠಿಯಲ್ಲಿ ಮಾತಾಡಿಸಿದ, ಮರಾಠಿಯಲ್ಲೇ ಉತ್ತರಿಸಿದೆ. ಬಸ್ಸಿನಲ್ಲಿ ಒಬ್ಬರು ಉರ್ದುವಿನಲ್ಲಿ ಶುರು ಮಾಡಿದರು, ಅದೂ ಬರುತ್ತಿತ್ತು. ಬಟಾಟಿ ಪಲ್ಯ ಬೇಡ ಎಂದ ದಿನ, ಗಡ್ಡೆ ತಿನ್ನದ ಜೈನನಾದೆ. ಒಳಗೊಳಗೇ ಹಿಗ್ಗಿದೆ.

ದೀಪಾವಳಿ ರಜೆ ಮುಗಿದಾಗ ಮಕ್ಕಳ ಮನೆಗಳಿಂದ ಶಿಕ್ಷಕರಿಗೆಲ್ಲ ಫರಾಳದ ಡಬ್ಬಿ ಬಂದವು. ಚಕ್ಕುಲಿ, ಶಂಕರಪಾಳಿ, ಉಂಡಿ. ನನಗೆ ಬರಲಿಲ್ಲ. ಮುಂದೆ ರಂಜಾನ್ ಬಂತು. ಹಬ್ಬದ ಶಾವಿಗೆ ಪಾಯಸ, ಸುರಕುಂಬಾ ಕೂಡ ನನ್ನ ಮೇಜನ್ನು ತಪ್ಪಿಸಿ ಮುಂದೆ ಹೋಯಿತು.

ಗಣಿತದ ಶೈಲಾ ಟೀಚರ್ ಕೊನೆಗೆ ವಿಷಯ ಬಿಚ್ಚಿದರು. ಒಂದು ಮನೆಯವರಿಗೆ ನಾನು ಉಳ್ಳಾಗಡ್ಡಿ ತಿನ್ನುವುದಿಲ್ಲವೇನೋ ಎಂಬ ಅನುಮಾನ. ಇನ್ನೊಂದು ಮನೆಯವರಿಗೆ ತಮ್ಮ ಕೈಯದು ನನಗೆ ನಡೆಯುತ್ತದೋ ಇಲ್ಲವೋ ಎಂಬ ಅಳುಕು. ಮತ್ತೊಬ್ಬರು, ಆ ಮಾಸ್ತರಿಗೆ ಅವರ ಮಂದಿ ಕೊಟ್ಟೇ ಇರುತ್ತಾರೆ ಎಂದುಕೊಂಡರಂತೆ.

"ಎಲ್ಲಾರೂ ನಿಮ್ಮ ಮರ್ಯಾದಿ ಕಾದಾರ್ರಿ ಸರ್. ಖರೇ ಹೇಳ್ಬೇಕಂದ್ರ, ತರಾಕ ನಾನೂ ಅಂಜಿದ್ನಿ," ಎಂದರು.

ನಾಚಿಕೆ ಬಿಟ್ಟು, ಅಡ್ಡಹೆಸರು ಕೇಳಿದ್ದ ಆ ಹುಡುಗಿಯನ್ನೇ ಕೇಳಿದೆ: ನನ್ನ ಬಗ್ಗೆ ಊರಲ್ಲಿ ಯಾರೂ ಏನೂ ಹೇಳಲಿಲ್ಲವೇ?

"ನಾಕು ಸುದ್ದಿ ಬಂದಿದ್ದುವ್ರಿ ಸರ್. ಒಂದಕ್ಕೂ ಪುರಾವೆ ಇದ್ದಿದ್ದಿಲ್ರಿ. ಡಬ್ಬಿ ಕಟ್ಟುವಾಗ ಸರ್ ಯಾವ ಮಂದಿ ಅಂತ ಅವ್ವ ಕೇಳಿದ್ಲು. ಗೊತ್ತಿಲ್ಲ ಅಂದ್ನಿ."

ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಕಲಿತವರು ಬೇರೆ ಇಲ್ಲ. ಶಹಬ್ಬಾಸ್ ಎಂದೆ. ಎನ್ನಲೇಬೇಕಾಯಿತು!

ಸಂಜೆ ಕೋಣೆಯಲ್ಲಿ ಅಂಗಡಿಯ ಚಕ್ಕುಲಿ ತಿಂದೆ. ಮೆತ್ತಗಾಗಿತ್ತು. ಅಡ್ಡಹೆಸರು ಹೇಳಿದ್ದರೆ ಯಾವ ಮನೆಯ ಡಬ್ಬಿ ಬರುತ್ತಿತ್ತು, ಯಾವ ಮನೆಯದು ಎಂದೂ ಬರುತ್ತಿರಲಿಲ್ಲ? ನನಗೆ ಇಂದಿಗೂ ಗೊತ್ತಿಲ್ಲ.