ಎರಡು ನಿಮಿಷದಲ್ಲಿ ಮನೆ ಖಾಲಿ

ಎಲ್ಲದಕ್ಕೂ ಕಾರಣ ಒಂದು ತಗಡಿನ ಫಲಕ. ಸೈರನ್ ಕೂಗಿದ ಎರಡು ನಿಮಿಷದೊಳಗೆ ಮನೆಮಂದಿಯೆಲ್ಲ ಕೆಳಗಿಳಿದು ನಿಂತರೆ ಅಗ್ನಿಶಾಮಕ ಠಾಣೆಯವರು ಬಾಗಿಲಿಗೆ ಹಾಕಲು ‘ಸುರಕ್ಷಿತ ಮನೆ’ ಅನ್ನುವ ಕೆಂಪು ಫಲಕ ಕೊಡುತ್ತಾರೆ ಅಂತ ಓದಿದ್ದೇ ತಡ, ನಮ್ಮ ಲೈಬ್ರರಿಯಣ್ಣನ ತಲೆಗೆ ಹುಳ ಹೊಕ್ಕಿತು. ಪಾಪ, ಅವನ ಸಂಕಟವೂ ಸಣ್ಣದಲ್ಲ. ಲೈಬ್ರರಿಯಲ್ಲಿ ಅವನು ತುಟಿಯ ಮೇಲೆ ಬೆರಳಿಟ್ಟರೆ ನಲವತ್ತು ಜನ ಗಪ್‌ಚಿಪ್. ಮನೆಯಲ್ಲಿ ಗಂಟಲು ಹರಿದುಕೊಂಡರೂ ಯಾರೂ ಕ್ಯಾರೇ ಅನ್ನುವುದಿಲ್ಲ. ಈ ಮನೆ ಒಂದು ಸಲವಾದರೂ ತನ್ನ ಮಾತು ಕೇಳಿತು ಅನ್ನುವುದಕ್ಕೆ ಅವನಿಗೊಂದು ಸಾಕ್ಷಿ ಬೇಕಿತ್ತು, ಅದೂ ಬಾಗಿಲ ಮೇಲೆ, ನಾಲ್ಕು ಜನಕ್ಕೆ ಕಾಣುವ ಹಾಗೆ.

ಅರ್ಜಿ ಅಂಚೆಯಲ್ಲಿ ಹೋಯಿತು. ಮೂರನೇ ಮಹಡಿ, ಯಜಮಾನ, ಹೆಂಡತಿ, ತಾಯಿ, ಮಾವ, ಮಗಳು, ಒಟ್ಟು ಐದು ಜನ. ಭಾನುವಾರ ಸಂಜೆ ನಾಲ್ಕಕ್ಕೆ ಬರುತ್ತೇವೆ ಅಂತ ಉತ್ತರ ಬಂತು.

ಆ ದಿನ ಬೆಳಿಗ್ಗೆಯೇ ತಾಲೀಮು ಶುರು. ಅವನು ಸೀಟಿ ಊದಿದ. ಮಾವ ನಿಧಾನವಾಗಿ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟರು. ಬೆಂಕಿ ಬಿದ್ದರೇನಂತೆ, ಬೀದಿಯವರೆದುರು ಮುದುರಿದ ಅಂಗಿಯಲ್ಲಿ ನಿಲ್ಲುವುದೇ ಅಂತ ಅವರ ವಾದ. ಹೆಂಡತಿ ಎರಡನೇ ಮಹಡಿಯವರೆಗೆ ಇಳಿದವಳು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ವಾಪಸ್ ಹತ್ತಿದಳು. ಅಮ್ಮ ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿದರು.

“ಬೆಂಕಿ ಬಿದ್ದಿರೋ ಮನೆಗೆ ಬೀಗ ಯಾಕಮ್ಮ?”

“ಬೆಂಕಿ ಬಿದ್ದ ದಿನ ಕಳ್ಳರು ರಜಾ ಹಾಕ್ತಾರೇನೋ?” ಅಂದರು ಅಮ್ಮ.

ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ನಿವೃತ್ತ ಮ್ಯಾನೇಜರು, ಯಾರೂ ಕೇಳದಿದ್ದರೂ, ಮೆಟ್ಟಿಲ ಬಳಿ ಗಡಿಯಾರ ಹಿಡಿದು ನಿಂತಿದ್ದರು. ಹದಿಮೂರು ನಿಮಿಷ, ಇಷ್ಟೊತ್ತಿಗೆ ನೀವೆಲ್ಲ ಬೂದಿ ಅಂತ ತೀರ್ಪು ಕೊಟ್ಟು ಒಳಗೆ ಹೋದರು.

ಲೈಬ್ರರಿಯಣ್ಣ ಮೆಟ್ಟಿಲ ಮೇಲೇ ಕುಸಿದು ಕೂತ. “ಇವತ್ತೊಂದು ದಿನ ನನ್ನ ಮಾತು ಕೇಳಿ. ಜನ್ಮದಲ್ಲಿ ಇನ್ನೇನೂ ಕೇಳಲ್ಲ,” ಅಂದ. ಹೆಂಡತಿಗೆ ಪಿಚ್ಚೆನಿಸಿತು. ಇಸ್ತ್ರಿ ಬೇಡ, ಕೈಯಲ್ಲಿ ಒಂದು ಕಡ್ಡಿಯೂ ಇರಕೂಡದು, ಗ್ಯಾಸ್ ತಾನೇ ನೋಡಿ ಕೊನೆಗೆ ಇಳಿಯುತ್ತೇನೆ ಅಂತ ಅವನು ಹೇಳಿದ್ದಕ್ಕೆಲ್ಲ ಅವಳು ತಲೆಯಾಡಿಸಿದಳು. ಉಳಿದವರೂ ಆಡಿಸಿದರು. ಅವನಿಗೆ ಕಣ್ಣು ತುಂಬಿ ಬಂತು.

ನಾಲ್ಕಕ್ಕೆ ಅಗ್ನಿಶಾಮಕ ಅಧಿಕಾರಿ ಬಂದರು. ಭಾರೀ ಆಸಾಮಿ. ಲಿಫ್ಟ್ ಇಲ್ಲ ಅಂತ ತಿಳಿದದ್ದೇ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತು ಸೈರನ್ ಒತ್ತಿದರು.

ಈ ಸಲ ಏನು ಓಟ ಅಂತೀರಿ! ಮಾವ ಬನಿಯನ್ನಿನಲ್ಲೇ ಹೊರಟರು. ಹೆಂಡತಿ ಹಿಂದಿರುಗಿ ನೋಡಲಿಲ್ಲ. ಮಗ ಮುಂದೆ ಹೋಗಿರಬೇಕು ಅಂದುಕೊಂಡು ಕೊನೆಗೆ ಹೊರಬಿದ್ದ ಅಮ್ಮ ಮಾತಿಗೆ ತಪ್ಪದೆ ಬರಿಗೈಯಲ್ಲೇ ಬಂದರು, ಬೀಗದ ಕೈಯನ್ನೂ ಒಳಗಿನ ಮೊಳೆಯಲ್ಲೇ ಬಿಟ್ಟು. ಆದರೆ ಹೊರಗಿನ ಚಿಲಕಕ್ಕೆ ತೂಗುತ್ತಿದ್ದದ್ದು ಕೀಲಿ ಇಲ್ಲದೆಯೂ ಒತ್ತಿದರೆ ಬೀಳುವ ಬೀಗ, ಅಭ್ಯಾಸಬಲದಿಂದ ಒತ್ತಿಯೇಬಿಟ್ಟರು. ಅಡುಗೆಮನೆಯಲ್ಲಿ ಗ್ಯಾಸ್ ತಿರುಗಿಸಿ ಬಂದ ಲೈಬ್ರರಿಯಣ್ಣನಿಗೆ ಬೀಗ ಬಿದ್ದ ಸದ್ದು ಕೇಳಿಸಿತು, ಮೂರು ಸಲ ಜಗ್ಗಿದ್ದೂ ಕೇಳಿಸಿತು. ಬಾಗಿಲು ಬಡಿದ, ಕೂಗಿದ. ಸೈರನ್ನಿನ ಮುಂದೆ ಅವನ ಕೂಗು ಯಾರ ಕಿವಿಗೂ ಬೀಳಲಿಲ್ಲ.

ಕಿಟಕಿಗೆ ಓಡಿ ಬಗ್ಗಿ ನೋಡಿದ. ಸೈರನ್ ನಿಂತಿತ್ತು. ಮ್ಯಾನೇಜರು ಕೆಳಗೆ ಅವನ ಸಂಸಾರದ ನಡುವೆ ನಿಂತು, ಸಾಲಾಗಿ ನಿಲ್ಲಿ ಅಂತ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು. ಅಧಿಕಾರಿ ಬೆರಳು ಮಡಚಿ ಎಣಿಸಿದರು. ಐದು.

“ಒಂದು ನಿಮಿಷ ಐವತ್ತು ಸೆಕೆಂಡು. ಭೇಷ್. ಯಜಮಾನರು ನೀವೇನಾ?”

ರಿಟೈರಾದ ಮೇಲೆ ಮ್ಯಾನೇಜರನ್ನು ಯಾರೂ ಯಜಮಾನರೇ ಅಂದಿರಲಿಲ್ಲ. ಅವರ ತಲೆ ತಾನಾಗಿಯೇ ಹೌದೆಂದು ಅಲ್ಲಾಡಿಬಿಟ್ಟಿತು.

ಲೈಬ್ರರಿಯಣ್ಣ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಕೂಗಿದರೆ ಫಲಕ ಹೋಯಿತು. ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತ. ಆದರೆ ಜನ್ಮದಲ್ಲಿ ಮೊದಲ ಸಲ ಗೆದ್ದ ಫಲಕವನ್ನು ಕೊಡುವಾಗ ನೋಡದೆ ಇರುವುದಾದರೂ ಹೇಗೆ? ಮೆಲ್ಲಗೆ ತಲೆ ಎತ್ತಿದ. ಅದೇ ಹೊತ್ತಿಗೆ ಅಧಿಕಾರಿಯೂ ತಲೆ ಎತ್ತಿದರು.

“ಅದ್ಯಾರು ಮೇಲೆ?”

ಮಗಳು ಏನೋ ಹೇಳಲು ಹೊರಟಳು. ಹೆಂಡತಿ ಅವಳ ಬಾಯಿಗೆ ಕೈ ಅಡ್ಡ ಹಿಡಿದು, ಮೇಲೆ ಕಿಟಕಿಯನ್ನೊಮ್ಮೆ, ಕೆಂಪು ಫಲಕವನ್ನೊಮ್ಮೆ ನೋಡಿದಳು.

“ಅವರು ಪಕ್ಕದ ಮನೆಯವರು ಸಾರ್,” ಅಂದಳು.

“ಯಾರ ಮಾತೂ ಕೇಳೋ ಪೈಕಿ ಅಲ್ಲ,” ಅಂತ ಮಾವ ಸೇರಿಸಿದರು.

ಅಧಿಕಾರಿಗೆ ಸಿಟ್ಟು ನೆತ್ತಿಗೇರಿತು. ಸೈರನ್ ಕೂಗಿದರೂ ಕಿಟಕಿಯಲ್ಲಿ ತಮಾಷೆ ನೋಡುತ್ತಾ ಕೂರುವವನಿಂದಲೇ ಇಡೀ ಕಟ್ಟಡಕ್ಕೆ ಕಂಟಕ ಅಂದರು. ಪಕ್ಕದ ಮನೆಯ ಸಂಖ್ಯೆ, ಅಲ್ಲಿರುವವರ ಹೆಸರು ಕೇಳಿ ಅಲ್ಲೇ ಚೀಟಿ ಬರೆದರು: ಮುಂದಿನ ಹನ್ನೆರಡು ಭಾನುವಾರ ಬೆಳಿಗ್ಗೆ ಆರಕ್ಕೆ ಠಾಣೆಯಲ್ಲಿ ಪ್ರಾಥಮಿಕ ತರಬೇತಿ. ಒಂದು ದಿನ ತಪ್ಪಿದರೂ ಈ ಕಟ್ಟಡದಲ್ಲಿ ಕೊಟ್ಟ ಫಲಕ ವಾಪಸ್. ಆ ಮುಖ ತಮಗೆ ಚೆನ್ನಾಗಿ ನೆನಪಿರುತ್ತದೆ ಅಂತಲೂ ಹೇಳಿ, ಫಲಕವನ್ನೂ ಚೀಟಿಯನ್ನೂ ಮ್ಯಾನೇಜರ ಕೈಗೆ ಕೊಟ್ಟು ಜೀಪು ಹತ್ತಿದರು.

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಅವನು ಕಿಟಕಿಯಿಂದ ಬೀಗದ ಕೈ ಎಸೆದ. ಬಾಗಿಲು ತೆಗೆದ ಹೆಂಡತಿ ಮೊದಲು ಫಲಕಕ್ಕೆ ಜಾಗ ಅಳೆದಳು, ಆಮೇಲೆ ಭಾನುವಾರ ಐದಕ್ಕೇ ಏಳಬೇಕು ಅಂತ ಅವನಿಗೆ ಹೇಳಿದಳು. ಅಮ್ಮ, ಮಾವ, ಮಗಳು ಎಲ್ಲರೂ ಹೌದು ಹೌದು ಅಂದರು.

ಹಿಂದೆಯೇ ಬಂದ ಮ್ಯಾನೇಜರು ಚೀಟಿಯನ್ನು ಅವನ ಕೈಗಿಟ್ಟರು.

“ಮನಸ್ಸಿಟ್ಟು ಕಲೀರಿ,” ಅಂದರು. “ಹಾಜರಿ ನನ್ನ ಹೆಸರಲ್ಲಿದೆ.”